ಮಾರ್ಜಾಲಕ್ಕೊಂದು ಪೀಠ

ಬೆಕ್ಕನ್ನು ಸಾಕಿರುವ ಗೃಹಸ್ಥರು ಪರಸ್ಪರ ಸಂಧಿಸಿದಾಗ ಹೇಳಿಕೊಳ್ಳುವ ದೂರುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಪೀಠೋಪಕರಣಗಳಿಗೆ ಸಂಬಂಧಿಸಿದ್ದು. ಹೊಸದಾಗಿ ಕೊಂಡು ತಂದ ಸೋಫಾದ ತೋಳುಗಳನ್ನು ಉಗುರಿನಿಂದ ಕೆರೆದು ಎಳೆಯೆಳೆಯಾಗಿ ಬಿಡಿಸುವುದು, ಒಗೆದು ಹಾಸಿದ ಹಾಸಿಗೆಯ ಮೇಲೆ ಕೆಸರುಗಾಲಿನಿಂದ ನಡೆದಾಡುವುದು, ಊಟದ ಮೇಜನ್ನೇರಿ ಮೊಸರಿನ ಪಾತ್ರೆಯ ಮುಚ್ಚಳವನ್ನು ಸರಿಸುವುದು, ಬೀರುವಿನ ನೆತ್ತಿಯಿಂದ ಕಪಾಟಿನ ಮೇಲಕ್ಕೆ ಹಾರಿ ಅಲ್ಲಿಟ್ಟಿದ್ದ ಗಾಜಿನ ಸಾಮಾನನ್ನು ನೆಲಕ್ಕುರುಳಿಸುವುದು, ಇವಿಷ್ಟನ್ನೂ ಒಂದೇ ಪ್ರಾತಃಕಾಲದಲ್ಲಿ ನೆರವೇರಿಸಿ, ಅನಂತರ ಮನೆಯ ಹಿರಿಯರ ಆರಾಮಕುರ್ಚಿಯಲ್ಲಿ ಸುರುಳಿ ಸುತ್ತಿಕೊಂಡು ನಿದ್ರಿಸುವ ಈ ಪ್ರಾಣಿಯ ವಿಷಯದಲ್ಲಿ ಕೋಪವೂ ಮಮತೆಯೂ ಏಕಕಾಲದಲ್ಲಿ ಉದಿಸುವುದು ಸಹಜ. ಕೋಪ ಮೇಲುಗೈಯಾದ ಮನೆಯಲ್ಲಿ ಬೆಕ್ಕು ಪೆಟ್ಟು ತಿನ್ನುತ್ತದೆ. ಮಮತೆ ಮೇಲುಗೈಯಾದ ಮನೆಯಲ್ಲಿ ಸೋಫಾ ನಷ್ಟವಾಗುತ್ತದೆ. ಇವೆರಡರಲ್ಲಿ ಯಾವುದೂ ಅನಿವಾರ್ಯವಲ್ಲವೆಂಬುದೂ, ಬೆಕ್ಕಿನ ಸ್ವಭಾವವನ್ನು ಅರಿತು ನಡೆದುಕೊಂಡಲ್ಲಿ ಪ್ರಾಣಿಗೆ ನೋವಾಗದಂತೆಯೂ ವಸ್ತುವಿಗೆ ಹಾನಿಯಾಗದಂತೆಯೂ ಒಂದೇ ಸೂರಿನಡಿಯಲ್ಲಿ ಬಾಳಬಹುದೆಂಬುದೂ ನನ್ನ ದೃಢವಾದ ನಂಬಿಕೆ. ಆ ನಂಬಿಕೆಗೆ ಆಧಾರಗಳೇನು, ಅದನ್ನು ಕಾರ್ಯಕ್ಕೆ ತರುವ ಬಗೆಯೇನು ಎಂಬುದನ್ನು ನಿರೂಪಿಸುವುದೇ ಈ ಬರಹದ ಉದ್ದೇಶ.

ಬೆಕ್ಕು ಎತ್ತರವನ್ನೇಕೆ ಬಯಸುತ್ತದೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಲೋಕದ ಮನೆಬೆಕ್ಕುಗಳೆಲ್ಲವೂ ಫೆಲಿಸ್ ಲಿಬಿಕಾ ಎಂಬ ಶಾಸ್ತ್ರೀಯ ನಾಮಧೇಯವುಳ್ಳ ಕಾಡುಬೆಕ್ಕಿನ ಸಂತತಿಯೆಂಬುದು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನದಿಂದ ಸ್ಥಿರಪಟ್ಟಿದೆ. ಸೈಪ್ರಸ್ ದ್ವೀಪದಲ್ಲಿ ಉತ್ಖನನ ಮಾಡಿದ ವಿದ್ವಾಂಸರು, ಸುಮಾರು 9500 ವರ್ಷಗಳಷ್ಟು ಪ್ರಾಚೀನವಾದ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಸನಿಹದಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ಇದ್ದುದನ್ನು 2004ರಲ್ಲಿ ವರದಿಮಾಡಿದರು. ಮನುಷ್ಯನು ಬೇಸಾಯ ಕಲಿತು ಧಾನ್ಯವನ್ನು ಕೂಡಿಟ್ಟ ಕಾಲದಲ್ಲಿ, ಆ ಧಾನ್ಯಕ್ಕಾಗಿ ಇಲಿಯೂ ಆ ಇಲಿಗಾಗಿ ಬೆಕ್ಕೂ ಅವನ ವಸತಿಯನ್ನು ಸೇರಿದುವು. ಎತ್ತು, ಕುದುರೆ, ನಾಯಿಗಳನ್ನು ಮನುಷ್ಯನು ತನ್ನ ಕೆಲಸಕ್ಕೆ ತಕ್ಕಂತೆ ತಲೆಮಾರುಗಳ ಪರ್ಯಂತ ಆರಿಸಿ ಪಳಗಿಸಿದನಾದರೆ, ಬೆಕ್ಕು ಬಹುಮಟ್ಟಿಗೆ ತಾನಾಗಿ ಬಂದು, ತನ್ನ ಮೂಲಸ್ವಭಾವವನ್ನು ಹೆಚ್ಚಾಗಿ ಬಿಟ್ಟುಕೊಡದೆ ಉಳಿಯಿತು. ಕಾಡಿನಲ್ಲಿ ಅದು ಸಣ್ಣ ಜೀವಿಗಳಿಗೆ ಬೇಟೆಗಾರ. ತನಗಿಂತ ದೊಡ್ಡ ಮೃಗಗಳಿಗೆ ತಾನೇ ಬೇಟೆ. ಆದಕಾರಣ ಎತ್ತರದ ಸ್ಥಳವೆಂಬುದು ಅದಕ್ಕೆ ಬೇಟೆಯನ್ನು ಕಾಣುವ ಗೋಪುರವೂ ಹೌದು, ವೈರಿಯಿಂದ ಕಾಯುವ ಕೋಟೆಯೂ ಹೌದು. ತನ್ನ ಎತ್ತರದ ಐದಾರು ಪಟ್ಟು ಎತ್ತರಕ್ಕೆ ನಿಂತಲ್ಲಿಂದಲೇ ನೆಗೆಯಬಲ್ಲ ಶಕ್ತಿಯನ್ನು ಪಡೆದಿರುವ ಪ್ರಾಣಿಗೆ ನೆಲದ ಮೇಲೆಯೇ ಇರಬೇಕೆಂಬ ಆಜ್ಞೆಯನ್ನು ವಿಧಿಸುವುದು, ಅದರ ಮಾಂಸಖಂಡಗಳಿಗೂ ಮನಸ್ಸಿಗೂ ವಿರುದ್ಧವಾದ ಆಜ್ಞೆಯನ್ನು ವಿಧಿಸಿದಂತೆಯೇ ಸರಿ.

ನಮ್ಮ ಹಿಂದಿನ ಮನೆಗಳ ರಚನೆ ಈ ಅಪೇಕ್ಷೆಯನ್ನು, ಯಾರೂ ಅದಕ್ಕೆಂದೇ ಪ್ರಯತ್ನಪಡದಿದ್ದರೂ, ತಾನಾಗಿಯೇ ಪೂರೈಸುತ್ತಿತ್ತು. ಮಲೆನಾಡಿನ ಹೆಂಚಿನ ಮನೆಯಲ್ಲಿ ಅಟ್ಟವಿತ್ತು, ತೊಲೆ ಜಂತೆಗಳಿದ್ದುವು, ಗೋಡೆಗೆ ನಾಗಂದಿಗೆಯಿತ್ತು; ಹೊರಗೆ ಹುಲ್ಲಿನ ಬಣವೆಯೂ ಕೊಟ್ಟಿಗೆಯ ಮಾಡೂ, ಉಗುರು ಮಸೆಯುವುದಕ್ಕೆ ಹಿತ್ತಿಲಿನ ಮರಗಳೂ ಇದ್ದುವು. ಹಾಲು ಮೊಸರುಗಳ ರಕ್ಷಣೆಗಾಗಿ ಮನೆಯ ಗೃಹಿಣಿ ಬೆಕ್ಕಿನೊಡನೆ ದಿನವೂ ಕಾದಾಡುತ್ತಿರಲಿಲ್ಲ. ಮಾಡಿನಿಂದ ನೆಲುವನ್ನು ಇಳಿಬಿಟ್ಟು, ಗಡಿಗೆಗಳನ್ನು ಅದರಲ್ಲಿರಿಸಿ, ನೆಗೆಯುವುದಕ್ಕೆ ಆಸರೆಯಾಗಬಹುದಾದ ವಸ್ತುಗಳನ್ನು ಅದರ ಸುತ್ತಿನಿಂದ ದೂರಕ್ಕೆ ಸರಿಸಿ ನಿಶ್ಚಿಂತಳಾಗುತ್ತಿದ್ದಳು. ಪ್ರಾಣಿಯ ಬುದ್ಧಿಯನ್ನು ತಿದ್ದಹೊರಡುವುದಕ್ಕಿಂತ ಪದಾರ್ಥದ ಸ್ಥಾನವನ್ನು ಬದಲಿಸುವುದು ಲೇಸೆಂಬ ದೊಡ್ಡ ವಿವೇಕ ಆ ನೆಲುವಿನಲ್ಲಿದೆ. ಇಂದಿನ ನಗರದ ಫ್ಲ್ಯಾಟಿನಲ್ಲಾದರೋ ಅಟ್ಟವೂ ಇಲ್ಲ, ಮರವೂ ಇಲ್ಲ. ನುಣುಪಾದ ಗೋಡೆ, ನುಣುಪಾದ ಟೈಲ್ಸಿನ ನೆಲ, ಮುಚ್ಚಿದ ಬಾಗಿಲು. ಏರುವುದಕ್ಕೆ ಬೀರು ಮೇಜುಗಳ ಹೊರತು, ಕೆರೆಯುವುದಕ್ಕೆ ಸೋಫಾದ ಹೊರತು ಬೇರೆ ಗತಿಯಿಲ್ಲದ ಕಡೆಯಲ್ಲಿ ಬೆಕ್ಕು ಅವುಗಳನ್ನೇ ಆಶ್ರಯಿಸುವುದನ್ನು ಕಿಡಿಗೇಡಿತನವೆಂದು ಕರೆಯುವುದು ನ್ಯಾಯವಾಗದು.

ಕೆರೆಯುವ ವಿಷಯವೂ ಇಂಥದೇ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯತಕ್ಕದ್ದು. ಹೊರಗಿನ ಹಳೆಯ ಪದರ ಕಳಚಿಬಿದ್ದಾಗ ಒಳಗಿನ ಹೊಸ ಮೊನೆ ಪ್ರಕಟವಾಗುತ್ತದೆ, ಆ ಕಳಚುವಿಕೆಗೆ ಒರಟಾದ ಮೈಯುಳ್ಳ ಆಧಾರವೊಂದು ಅವಶ್ಯ. ಅಷ್ಟೇ ಅಲ್ಲದೆ ಅದರ ಪಾದಗಳಲ್ಲಿ ಗಂಧಗ್ರಂಥಿಗಳಿವೆ. ಕೆರೆದ ಸ್ಥಳದಲ್ಲಿ ಕಣ್ಣಿಗೆ ಕಾಣುವ ಗೀರುಗಳ ಜೊತೆಗೆ ನಮ್ಮ ಮೂಗಿಗೆ ತಿಳಿಯದ ವಾಸನೆಯೂ ಉಳಿದು, ಇದು ನನ್ನ ನೆಲೆಯೆಂಬ ಘೋಷಣೆಯನ್ನು ಮಾಡುತ್ತದೆ. ನಿದ್ರೆಯಿಂದೆದ್ದೊಡನೆ ಮೈಮುರಿದು ಬೆನ್ನನ್ನು ನೀಳವಾಗಿ ಚಾಚುವುದಕ್ಕೂ ಅದಕ್ಕೆ ಈ ಕ್ರಿಯೆಯೇ ಸಾಧನ. ಆದಕಾರಣವೇ ಅದು ಮೂಲೆಯ ಗೋಣಿಚೀಲವನ್ನು ಬಿಟ್ಟು, ಜನರು ಓಡಾಡುವ ನಡುಮನೆಯ ಸೋಫಾವನ್ನು, ಅದರಲ್ಲಿಯೂ ಬಾಗಿಲಿಗೆ ಎದುರಾದ ತೋಳನ್ನು ಆರಿಸಿಕೊಳ್ಳುವುದು. ಸೋಫಾ ಅದಕ್ಕೆ ಭಾರವಾಗಿದೆ, ಕದಲುವುದಿಲ್ಲ, ಉಗುರು ನಾಟುವ ನೇಯ್ಗೆಯನ್ನು ಹೊಂದಿದೆ, ಮನೆಮಂದಿಯ ವಾಸನೆಯಿಂದ ತುಂಬಿದೆ. ಇದಕ್ಕಿಂತ ಉತ್ತಮವಾದ ಸ್ಥಾನ ಅದಕ್ಕೆ ಮತ್ತೊಂದು ತೋರದು.

ಇಂತಿರಲು, ದಂಡನೆಯಿಂದ ಈ ಪ್ರವೃತ್ತಿಯನ್ನು ಅಡಗಿಸಬಹುದೆ? ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕನ್ನಡದ ಮಕ್ಕಳೆಲ್ಲರೂ ಬಲ್ಲದ್ದು. ಕೃಷ್ಣದೇವರಾಯನು ಇಲಿಗಳ ಕಾಟ ನಿವಾರಣೆಗಾಗಿ ಬೆಕ್ಕುಗಳನ್ನು ಹಂಚಿ, ಅವುಗಳ ಹಾಲಿಗಾಗಿ ಹಸುಗಳನ್ನೂ ಕೊಟ್ಟನಂತೆ; ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟುದರಿಂದ ಬಾಯಿ ಸುಟ್ಟುಕೊಂಡ ಆ ಪ್ರಾಣಿ ಹಾಲನ್ನು ಕಂಡರೇ ಓಡಿಹೋಗುವಂತಾಯಿತಂತೆ. ರಾಮಕೃಷ್ಣನ ಚಾತುರ್ಯವನ್ನು ಮೆಚ್ಚಿ ನಗುವುದಕ್ಕೆಂದು ಹೇಳುವ ಈ ಕಥೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸತ್ಯವೂ ಅಡಗಿದೆ. ಆ ಬೆಕ್ಕು ಸಭ್ಯತೆಯನ್ನು ಕಲಿಯಲಿಲ್ಲ, ಭಯವನ್ನು ಕಲಿಯಿತು. ಆ ಭಯದ ಫಲವಾಗಿ ಸೊರಗಿ ಬಡವಾಯಿತು. ಪೆಟ್ಟಿನಿಂದಲೋ ಗದ್ದರಿಕೆಯಿಂದಲೋ ಮುಖಕ್ಕೆ ನೀರೆರಚುವುದರಿಂದಲೋ ನಾವು ಸಾಧಿಸುವುದು ಇದನ್ನೇ. ಬೆಕ್ಕು ಆ ನೋವನ್ನು ಸೋಫಾದೊಡನೆ ಜೋಡಿಸುವುದಿಲ್ಲ, ನಮ್ಮೊಡನೆ ಜೋಡಿಸುತ್ತದೆ. ನಾವಿದ್ದಾಗ ಇಳಿದು, ನಾವಿಲ್ಲದಾಗ ಏರುತ್ತದೆ. ಕೆಲವು ಬೆಕ್ಕುಗಳು ಭೀತಿಯ ಅತಿಶಯದಿಂದ ಹಾಸಿಗೆಯ ಮೇಲೆಯೇ ಮೂತ್ರಮಾಡಲಾರಂಭಿಸುವುದೂ ಉಂಟು.

ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದು, ಪ್ರಾಣಿಗಳ ಬುದ್ಧಿಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು 1898ರಲ್ಲಿ ಪ್ರಕಟಿಸಿದನು. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯೊಂದರಲ್ಲಿರಿಸಿ, ಹೊರಗೆ ಆಹಾರವನ್ನಿಟ್ಟು, ಅಗುಳಿಯನ್ನು ಒತ್ತಿದರೆ ಅಥವಾ ಕುಣಿಕೆಯನ್ನು ಎಳೆದರೆ ಬಾಗಿಲು ತೆರೆಯುವಂತೆ ಅವನು ಏರ್ಪಡಿಸಿದ್ದನು. ಮೊದಮೊದಲು ಕಂಡಕಂಡಲ್ಲಿ ಪರಚಿ ತಿಣುಕಿದ ಬೆಕ್ಕು, ಪ್ರಯೋಗವನ್ನು ಪುನರಾವರ್ತಿಸಿದಷ್ಟೂ ವ್ಯರ್ಥವಾದ ಚೇಷ್ಟೆಗಳನ್ನು ತೊರೆದು, ಫಲ ನೀಡಿದ ಕ್ರಿಯೆಯನ್ನು ಮಾತ್ರ ಉಳಿಸಿಕೊಂಡು, ಹೆಚ್ಚು ಹೆಚ್ಚು ಶೀಘ್ರವಾಗಿ ಹೊರಬರತೊಡಗಿತು. ತೃಪ್ತಿಯನ್ನು ತಂದುಕೊಟ್ಟ ಕ್ರಿಯೆ ಬಲಗೊಳ್ಳುತ್ತದೆಂಬ ನಿಯಮವನ್ನು ಅವನು ಈ ಬೆಕ್ಕುಗಳಿಂದಲೇ ಕಂಡುಕೊಂಡದ್ದು. ಬಹುಮಾನಕ್ಕಿರುವಷ್ಟು ಪ್ರಭಾವ ದಂಡನೆಗೆ ಇಲ್ಲವೆಂದು ಮುಂದೆ 1930ರ ದಶಕದಲ್ಲಿ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡವನೂ ಅವನೇ. ಬೆಕ್ಕು ಕಲಿಯಲಾರದ ಪ್ರಾಣಿಯೆಂಬ ನಮ್ಮ ಜನರ ಭಾವನೆ ತಪ್ಪು. ಅದು ಚೆನ್ನಾಗಿ ಕಲಿಯುತ್ತದೆ. ತನಗೆ ಲಾಭವಿರುವುದನ್ನು ಕಲಿಯುತ್ತದೆ. ಊಟದ ಮೇಜನ್ನು ಏರಿದಾಗ ಒಮ್ಮೆ ಮೀನಿನ ತುಣುಕು ದೊರೆತಿದ್ದರೆ, ಆ ಪಾಠವನ್ನು ಕಲಿಸಿದವರು ನಾವೇ ಎಂಬುದನ್ನು ಒಪ್ಪಬೇಕು.

ಹೊಡೆಯುವುದು ವ್ಯರ್ಥವಷ್ಟೇ ಅಲ್ಲ, ಅಪರಾಧವೂ ಹೌದು. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ಪ್ರಾಣಿಹಿಂಸೆಯ ನಿವಾರಣೆಗಾಗಿ ಖಾಸಗಿ ವಿಧೇಯಕವೊಂದನ್ನು ಮಂಡಿಸಿ ನಡೆಸಿದ ಪ್ರಯತ್ನದ ಫಲವಾಗಿ ಸರ್ಕಾರವೇ 1960ರಲ್ಲಿ ಪ್ರಾಣಿಗಳ ಮೇಲಣ ಕ್ರೌರ್ಯ ತಡೆ ಅಧಿನಿಯಮವನ್ನು ತಂದಿತು. ಅದರ 11ನೆಯ ಪ್ರಕರಣದಲ್ಲಿ ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಹಿಂಸಿಸುವುದು, ಅಂಗಚ್ಛೇದ ಮಾಡುವುದು ದಂಡಾರ್ಹವೆನಿಸಿವೆ. ಜೀವಿಗಳಲ್ಲಿ ದಯೆ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51-ಎ ಅನುಚ್ಛೇದವೂ ಹೇಳುತ್ತದೆ. ಇಲ್ಲಿಯೇ ಇನ್ನೊಂದು ಕ್ರೂರಪದ್ಧತಿಯ ಮಾತನ್ನೂ ಹೇಳಿಬಿಡಬೇಕು. ಸೋಫಾದ ರಕ್ಷಣೆಗಾಗಿ ಬೆಕ್ಕಿನ ಉಗುರುಗಳನ್ನು ಶಸ್ತ್ರಕ್ರಿಯೆಯಿಂದ ತೆಗೆಸುವ ವಾಡಿಕೆ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಅದು ಉಗುರನ್ನು ಮಾತ್ರ ತೆಗೆಯುವ ಕ್ರಿಯೆಯಲ್ಲ. ಪ್ರತಿಯೊಂದು ಬೆರಳಿನ ಕಟ್ಟಕಡೆಯ ಮೂಳೆಯನ್ನೇ ಕತ್ತರಿಸಿಹಾಕುವ ಅಂಗಚ್ಛೇದ. ಬ್ರಿಟನ್ನಿನಲ್ಲಿ ಅದು ನಿಷಿದ್ಧ. ಅಮೆರಿಕದ ಸಂಸ್ಥಾನಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ 2019ರಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲಿ ಯಾರಾದರೂ ಅಂತಹ ಸಲಹೆಯನ್ನಿತ್ತರೆ ಅದನ್ನು ಖಂಡತುಂಡವಾಗಿ ನಿರಾಕರಿಸತಕ್ಕದ್ದು.

ನೋವುಂಟುಮಾಡುವ ಉದ್ದೇಶವಿಲ್ಲದೆಯೂ ಬೆಕ್ಕಿನ ಪ್ರಾಣಕ್ಕೆ ಸಂಚಕಾರ ತರುವ ಕೆಲವು ಮನೆಮದ್ದುಗಳು ನಮ್ಮಲ್ಲಿ ಪ್ರಚಾರದಲ್ಲಿವೆಯಾದ್ದರಿಂದ ಅವುಗಳನ್ನು ಕುರಿತು ವಿಶೇಷವಾಗಿ ಎಚ್ಚರಿಸಬೇಕಾಗಿದೆ. ಸೋಫಾದ ಸುತ್ತ ಫಿನಾಯಿಲ್ ಒರಸುವವರು, ಕುಶನ್ನುಗಳ ಸಂದಿಯಲ್ಲಿ ನುಸಿಗುಳಿಗೆ ಇಡುವವರು, ಕರ್ಪೂರದ ಪುಡಿಯನ್ನು ಉದುರಿಸುವವರು, ನೀಲಗಿರಿ ತೈಲವನ್ನೋ ಕಿತ್ತಳೆಯ ತೈಲವನ್ನೋ ಸಿಂಪಡಿಸುವವರು, ಮೆಣಸಿನಪುಡಿಯನ್ನು ಚೆಲ್ಲುವವರು, ಇವರೆಲ್ಲರೂ ವಾಸನೆಯಿಂದ ಬೆಕ್ಕು ದೂರವಾಗಲೆಂಬ ಸದುದ್ದೇಶದಿಂದಲೇ ಹಾಗೆ ಮಾಡುತ್ತಾರೆ. ಆದರೆ ಬೆಕ್ಕಿನ ಯಕೃತ್ತಿಗೆ ಫೀನಾಲ್ ವರ್ಗದ ರಾಸಾಯನಿಕಗಳನ್ನು ನಿರ್ವಿಷಗೊಳಿಸಿ ಹೊರಹಾಕುವ ಸಾಮರ್ಥ್ಯ ಬಹು ಅಲ್ಪ. ಮನುಷ್ಯನಿಗೆ ನಿರಪಾಯಕರವಾದ ಅಂಶವೇ ಅದರ ದೇಹದಲ್ಲಿ ಶೇಖರವಾಗಿ ವಿಷವಾಗುತ್ತದೆ. ಅದು ತನ್ನ ಪಾದಗಳನ್ನೂ ಮೈಯನ್ನೂ ದಿನದಲ್ಲಿ ಹಲವು ಬಾರಿ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿಯಾದ್ದರಿಂದ, ನೆಲದಲ್ಲಿಯೂ ಬಟ್ಟೆಯಲ್ಲಿಯೂ ಇರುವುದೆಲ್ಲ ಅದರ ಉದರವನ್ನು ಸೇರದಿರದು. ಮೆಣಸಿನಪುಡಿಯ ಪಾದದಿಂದ ಕಣ್ಣುಜ್ಜಿಕೊಂಡ ಬೆಕ್ಕಿನ ಯಾತನೆಯನ್ನು ವರ್ಣಿಸಬೇಕಾಗಿಲ್ಲ. ಇಲಿಗಳಿಗೆಂದು ಒಡ್ಡುವ ಅಂಟುಹಲಗೆಯನ್ನು ಮೇಜಿನ ಮೇಲಿಡುವುದಂತೂ ಸರ್ವಥಾ ಕೂಡದು.

ಹಾಗಾದರೆ ಮಾಡತಕ್ಕದ್ದೇನು? ಒಂದು ಕಡೆಯಲ್ಲಿ ಬೇಡವೆನ್ನುವ ಮೊದಲು ಇನ್ನೊಂದು ಕಡೆಯಲ್ಲಿ ಬೇಕಾದುದನ್ನು ಒದಗಿಸಬೇಕು. ನಿಷೇಧದ ಸ್ಥಳವನ್ನು ನೋವಿನದಾಗಿಸದೆ ನೀರಸವನ್ನಾಗಿ ಮಾಡಬೇಕು. ಒದಗಿಸಿದ ಸ್ಥಳವನ್ನು ಲಾಭದಾಯಕವನ್ನಾಗಿ ಮಾಡಬೇಕು. ಈ ಮೂರೂ ಕೂಡಿದಾಗ ಮಾತ್ರ ಫಲಸಿದ್ಧಿ.

ಮೊದಲನೆಯದು ಕೆರೆಯುವ ಕಂಬ. ಬೆಕ್ಕು ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳನ್ನು ಪೂರ್ಣವಾಗಿ ಚಾಚಬಲ್ಲಷ್ಟು, ಎಂದರೆ ಸುಮಾರು ಮೂರು ಅಡಿ ಎತ್ತರವಿರುವ ಮರದ ಕಂಬವನ್ನು ಅಗಲವಾದ ಭಾರದ ಹಲಗೆಯ ಮೇಲೆ ನಿಲ್ಲಿಸಿ, ಬಣ್ಣ ಹಾಕದ ನಾರಿನ ಹಗ್ಗವನ್ನು ಸಂದಿಲ್ಲದಂತೆ ಬಿಗಿಯಾಗಿ ಸುತ್ತಬೇಕು. ತಿಪಟೂರು, ಅರಸೀಕೆರೆಗಳಂತಹ ತೆಂಗಿನ ಸೀಮೆಯುಳ್ಳ ನಾಡಿನಲ್ಲಿ ತೆಂಗಿನ ನಾರಿನ ಹಗ್ಗಕ್ಕೆ ಕೊರತೆಯಿಲ್ಲ. ಕಂಬ ಒಮ್ಮೆ ಅಲುಗಾಡಿ ಮೈಮೇಲೆ ಬಿದ್ದರೆ ಬೆಕ್ಕು ಮತ್ತೆ ಅದರತ್ತ ಸುಳಿಯದಾದ್ದರಿಂದ, ಸ್ಥಿರತೆಯೇ ಅದರ ಮುಖ್ಯ ಗುಣ. ಇನ್ನು, ಬಹುಮಂದಿ ಅದನ್ನು ಹಿತ್ತಲ ಬಾಗಿಲಿನ ಮೂಲೆಯಲ್ಲಿಟ್ಟು, ಬೆಕ್ಕು ಮುಟ್ಟಲಿಲ್ಲವೆಂದು ನಿರಾಶರಾಗುತ್ತಾರೆ. ಅದು ಇರಬೇಕಾದುದು ಈಗ ಕೆಡುತ್ತಿರುವ ಸೋಫಾದ ತೋಳಿನ ಪಕ್ಕದಲ್ಲಿಯೇ. ಬೆಕ್ಕು ಅದಕ್ಕೆ ರೂಢಿಯಾದ ಮೇಲೆ, ದಿನಕ್ಕೆ ಕೊಂಚ ಕೊಂಚವಾಗಿ ನಮಗೆ ಅನುಕೂಲವಾದೆಡೆಗೆ ಸರಿಸಬಹುದು. ಸೋಫಾವನ್ನು ಬಿಟ್ಟು ಜಮಖಾನೆಯನ್ನು ಕೆರೆಯುವ ಬೆಕ್ಕಾದರೆ ಅದಕ್ಕೆ ನಿಂತ ಕಂಬಕ್ಕಿಂತ ನೆಲದ ಮೇಲೆ ಹಾಸಿದ ನಾರಿನ ಚಾಪೆಯೇ ಪ್ರಿಯ. ವಿದೇಶಗಳಲ್ಲಿ ಕಂಬಕ್ಕೆ ಕ್ಯಾಟ್‌ನಿಪ್ ಎಂಬ ಸೊಪ್ಪಿನ ಪುಡಿಯನ್ನು ಉಜ್ಜುವುದುಂಟು. ಅದು ಈಗ ನಮ್ಮಲ್ಲಿಯೂ ದೊರೆಯುತ್ತದೆ. ಎಳೆಯ ಮರಿಗಳೂ, ಬೆಳೆದ ಬೆಕ್ಕುಗಳಲ್ಲಿ ಸುಮಾರು ಮೂರನೆಯ ಒಂದು ಪಾಲೂ ಅದಕ್ಕೆ ಒಲಿಯವು.

ಎರಡನೆಯದು ಎತ್ತರದ ಪೀಠ. ಕಿಟಕಿಯ ಪಕ್ಕದಲ್ಲಿ, ಹೊರಗಿನ ಹಕ್ಕಿಗಳೂ ಬೀದಿಯೂ ಕಾಣುವಂತೆ, ಗೋಡೆಗೆ ಭದ್ರವಾಗಿ ಬಿಗಿದ ಒಂದೆರಡು ಹಲಗೆಗಳನ್ನು ಮೆಟ್ಟಿಲಿನ ಕ್ರಮದಲ್ಲಿ ಜೋಡಿಸಿ, ಮೇಲಿನ ಹಲಗೆಯ ಮೇಲೆ ಹಳೆಯ ಕೌದಿಯೊಂದನ್ನು ಮಡಿಸಿ ಹಾಸಿದರೆ ಆಯಿತು. ಆ ಪೀಠ ನಾವು ಬೇಡವೆನ್ನುವ ಮೇಜಿಗಿಂತಲೂ ಎತ್ತರವಾಗಿರಬೇಕು. ನಾವು ಕುಳಿತುಕೊಳ್ಳುವ ಕೋಣೆಯಲ್ಲಿಯೇ ಇರಬೇಕು, ಏಕೆಂದರೆ ಬೆಕ್ಕು ಸೋಫಾವನ್ನೇರುವುದು ಅನೇಕ ವೇಳೆ ನಮ್ಮ ಸಾಮೀಪ್ಯಕ್ಕಾಗಿಯೇ. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿರುವಲ್ಲಿ ಒಂದೊಂದಕ್ಕೂ ಪ್ರತ್ಯೇಕ ಸ್ಥಾನವಿದ್ದರೆ ಕಲಹವಿರದು. ಮಹಡಿಯ ಮನೆಗಳಲ್ಲಿ ಕಿಟಕಿಗೂ ಬಾಲ್ಕನಿಗೂ ಗಟ್ಟಿಯಾದ ಜಾಲರಿ ಹಾಕಿಸಿದ ನಂತರವೇ ಈ ಏರ್ಪಾಡನ್ನು ಮಾಡತಕ್ಕದ್ದು. ಬೆಕ್ಕು ಎಷ್ಟೆತ್ತರದಿಂದ ಬಿದ್ದರೂ ಬದುಕುತ್ತದೆಂಬ ನಂಬಿಕೆಯನ್ನು ಆಶ್ರಯಿಸಬಾರದು. ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರವನ್ನು ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದಾಗ, ಚಿಕಿತ್ಸೆ ಪಡೆದವುಗಳಲ್ಲಿ ಹೆಚ್ಚಿನವು ಬದುಕಿಕೊಂಡರೂ, ಎದೆಗೂಡು, ದವಡೆ, ಕಾಲುಗಳ ಗಾಯಗಳು ಅನೇಕವಾಗಿದ್ದುವು. ಹಗುರವಾದ ಕಪಾಟುಗಳನ್ನೂ ಟೆಲಿವಿಷನ್ನನ್ನೂ ಗೋಡೆಗೆ ಬಿಗಿಯುವುದು ಬೆಕ್ಕಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಕ್ಷೇಮ.

ಮೂರನೆಯದು ಬೇಡವಾದ ಸ್ಥಳವನ್ನು ನೀರಸಗೊಳಿಸುವುದು. ಕೆರೆಯುವ ತೋಳಿಗೆ ಎರಡೂ ಬದಿ ಅಂಟುಳ್ಳ ಟೇಪನ್ನು ಹಚ್ಚುವುದು, ಮೇಜಿನ ಅಂಚಿಗೆ ಅಲ್ಯುಮಿನಿಯಂ ಹಾಳೆಯನ್ನು ಹಾಸುವುದು, ಸೋಫಾಕ್ಕೆ ಉಗುರು ನಾಟದ ಒತ್ತು ನೇಯ್ಗೆಯ ಗವಸನ್ನು ಹಾಕುವುದು, ಇವು ಯಾವ ನೋವನ್ನೂ ಉಂಟುಮಾಡದೆ ಆ ಸ್ಥಳದ ಆಕರ್ಷಣೆಯನ್ನು ಕುಂದಿಸುತ್ತವೆ. ಅಭ್ಯಾಸ ಬದಲಾದ ಮೇಲೆ ಇವುಗಳನ್ನು ತೆಗೆದುಬಿಡಬಹುದು. ಮೊದಲಿನ ವಾಸನೆ ಹೋಗುವಂತೆ ತೋಳನ್ನು ತೊಳೆಯುವುದೂ ಅವಶ್ಯ, ಆದರೆ ಅಮೋನಿಯ ಬೆರೆತ ದ್ರಾವಣ ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅದು ಬೇಡ. ಅಡುಗೆಮನೆಯ ಕಟ್ಟೆಯ ವಿಷಯದಲ್ಲಿ ಮಾತ್ರ ಹೆಚ್ಚಿನ ಕಟ್ಟುನಿಟ್ಟು ಬೇಕು. ಉರಿಯುವ ಒಲೆ, ಕುದಿಯುವ ಎಣ್ಣೆ, ದೇವರ ಮುಂದಿನ ದೀಪ ಇವುಗಳ ಅಪಾಯ ಸ್ಪಷ್ಟ. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತವೆಂಬುದೂ, ಮೇಜಿನ ಹೂದಾನಿಯಲ್ಲಿನ ಲಿಲಿಯ ಎಲೆ, ಪರಾಗ ಮತ್ತು ನೀರು ಸಹ ಅದರ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲಬಲ್ಲವೆಂಬುದೂ ಬಹುಮಂದಿಗೆ ತಿಳಿಯದು. ಅಡುಗೆ ಮುಗಿದೊಡನೆ ಕಟ್ಟೆಯನ್ನು ಒರಸಿ, ಪಾತ್ರೆಗಳನ್ನು ಮುಚ್ಚಿ, ತಿಂಡಿಯ ಚೂರೂ ಉಳಿಯದಂತೆ ಮಾಡಿದರೆ, ಏರುವುದಕ್ಕೆ ಕಾರಣವೇ ಇಲ್ಲವಾಗುತ್ತದೆ.

ಇವೆಲ್ಲಕ್ಕೂ ಜೀವ ತುಂಬುವುದು ಬಹುಮಾನ. ಕಂಬವನ್ನು ಕೆರೆದಾಗ, ಪೀಠವನ್ನೇರಿದಾಗ, ಆ ಕ್ಷಣದಲ್ಲಿಯೇ ಮೆಲುಮಾತಿನಿಂದ ಕರೆದು ಇಷ್ಟವಾದ ತುಣುಕನ್ನು ಕೊಡಬೇಕು; ತಡಮಾಡಿ ಕೊಟ್ಟರೆ ಅದು ಯಾವುದಕ್ಕೆ ಸಂದ ಬಹುಮಾನವೆಂಬುದು ಬೆಕ್ಕಿಗೆ ತಿಳಿಯದು. ಮೇಜನ್ನೇರಿದಾಗ ಕೂಗದೆ, ಎರಡೂ ಕೈಗಳಿಂದ ಮೆಲ್ಲಗೆ ಎತ್ತಿ ಕೆಳಗಿಳಿಸಿ, ಅದರ ಪೀಠದ ಕಡೆಗೆ ಕರೆದರೆ ಸಾಕು. ಬೆಕ್ಕಿನ ಚಟುವಟಿಕೆ ಉದಯಕ್ಕೂ ಮುಸ್ಸಂಜೆಗೂ ತೀವ್ರವಾದ್ದರಿಂದ, ಸಂಜೆಯ ಊಟಕ್ಕೆ ಮುನ್ನ ಕೋಲಿನ ತುದಿಗೆ ದಾರದಿಂದ ಗರಿ ಕಟ್ಟಿ ಹತ್ತು ನಿಮಿಷ ಆಡಿಸಿ, ಆಮೇಲೆ ಉಣಬಡಿಸಿದರೆ, ಬೇಟೆಯಾಡಿ ಉಂಡ ತೃಪ್ತಿಯಿಂದ ಅದು ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಬೇಕು. ನುಂಗಿದ ದಾರ ಕರುಳನ್ನು ಕತ್ತರಿಸುವ ಅಪಾಯವಿದೆ. ಎರಡು ಮೂರು ವಾರಗಳಿಗೊಮ್ಮೆ, ಒಳಗಿನ ನಸುಗೆಂಪು ಭಾಗವನ್ನು ಸೋಕದಂತೆ ಉಗುರಿನ ತುದಿಯನ್ನಷ್ಟೇ ಕತ್ತರಿಸುವುದೂ ಹಿತ; ಮೊದಲ ಸಲ ಪಶುವೈದ್ಯರಿಂದ ಕೇಳಿ ಕಲಿಯುವುದು ಒಳ್ಳೆಯದು. ಶಾಂತವಾಗಿದ್ದ ಬೆಕ್ಕು ಹಠಾತ್ತಾಗಿ ಚಂಚಲವಾದರೆ, ಹಾಸಿಗೆಯಲ್ಲಿ ಮೂತ್ರಮಾಡತೊಡಗಿದರೆ, ಅಥವಾ ಗಂಡುಬೆಕ್ಕು ಮೂತ್ರವಿಳಿಯದೆ ತಿಣುಕುತ್ತಿದ್ದರೆ, ಅದನ್ನು ತುಂಟತನವೆಂದೆಣಿಸದೆ ಅದೇ ದಿನ ವೈದ್ಯರ ಬಳಿಗೆ ಒಯ್ಯಬೇಕು.

ಕೊನೆಯದಾಗಿ, ಮನೆಮಂದಿಯ ಐಕಮತ್ಯ. ತಾಯಿ ಮೇಜಿನಿಂದ ಇಳಿಸುವುದು, ಮಗ ಅದೇ ಮೇಜಿನ ಮೇಲೆ ಮುದ್ದಿಸಿ ತುತ್ತು ಕೊಡುವುದು ಎಂದಾದರೆ, ಮೇಲೆ ಹೇಳಿದ ಯಾವ ಉಪಾಯವೂ ಫಲಿಸದು. ಯಾವ ಪೀಠ ಬೆಕ್ಕಿನದು, ಯಾವುದು ನಮ್ಮದು ಎಂಬುದನ್ನು ಮನೆಯವರೆಲ್ಲರೂ ಕೂಡಿ ಮೊದಲೇ ನಿಶ್ಚಯಿಸಿಕೊಂಡು, ಆ ನಿಶ್ಚಯವನ್ನು ಕೆಲವು ವಾರಗಳ ಪರ್ಯಂತ ತಪ್ಪದೆ ಪಾಲಿಸಬೇಕು. ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಬೆಕ್ಕನ್ನು ಗದರಿಸುವುದಕ್ಕೆ ಬಾಯಿ ತೆರೆಯುವ ಮುನ್ನ, ಅದಕ್ಕಾಗಿ ನಾವು ಮನೆಯಲ್ಲಿ ಯಾವ ಸ್ಥಾನವನ್ನು ಕೊಟ್ಟಿದ್ದೇವೆಂಬುದನ್ನು ಒಮ್ಮೆ ಸುತ್ತಲೂ ನೋಡಿ ಕೇಳಿಕೊಳ್ಳಿರಿ, ಒಂದೂ ಕಾಣದಿದ್ದಲ್ಲಿ, ಈ ಭಾನುವಾರವೇ ಒಂದು ಕಂಬವನ್ನು ನಿಲ್ಲಿಸಿ, ಒಂದು ಹಲಗೆಯನ್ನು ಗೋಡೆಗೆ ಬಿಗಿಯಿರಿ.